ಕೌಲ್ ಬಜಾರಿನ ಮಗುವಿಗೆ ಯಾವ ಚರಿತ್ರೆ? : ಮಕ್ಕಳ ಐತಿಹಾಸಿಕ ಬರಹಗಳನ್ನು ಕುರಿತು ಕೆಲವು ಪ್ರಶ್ನೆಗಳು

ಕನ್ನಡದಲ್ಲಿ ಮಕ್ಕಳ ಸಾಹಿತ್ಯವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಶಿಶುಪ್ರಾಸ, ಜನಪದ ಕಥೆ ಮತ್ತು ನೀತಿಕಥೆಗಳ ಸುತ್ತಲೇ ನಡೆದುಬಂದಿದೆ. ಚರಿತ್ರೆಯನ್ನು ವಸ್ತುವಾಗಿಸಿಕೊಂಡ ಮಕ್ಕಳ ಬರಹಗಳು, ಅವು ಕಾದಂಬರಿಯ ರೂಪದಲ್ಲಿರಲಿ, ಜೀವನಚರಿತ್ರೆಯ ರೂಪದಲ್ಲಿರಲಿ ಅಥವಾ ಮಾಹಿತಿ ಪುಸ್ತಕದ ರೂಪದಲ್ಲಿರಲಿ, ವಿಮರ್ಶೆಯ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ವಯಸ್ಕರ ಐತಿಹಾಸಿಕ ಕಾದಂಬರಿಗೆ ದೊರೆತ ವಿಮರ್ಶೆಯ ಒಂದು ಪಾಲೂ ಇವುಗಳಿಗೆ ದೊರೆತಿಲ್ಲ. ಆದರೆ ಮಾಸ್ತಿ, ತ.ರಾ.ಸು. ಅವರ ಕಾದಂಬರಿಗಳನ್ನು ಓದುವ ಮೊದಲೇ ಓದುಗನ ಮನಸ್ಸಿನಲ್ಲಿ ಗತಕಾಲದ ಒಂದು ಚಿತ್ರ ಸಿದ್ಧವಾಗಿರುತ್ತದೆ. ಆ ಚಿತ್ರವನ್ನು ಕೊಟ್ಟದ್ದು ಬಾಲ್ಯದಲ್ಲಿ ಕೈಗೆ ಬಂದ ತೆಳು ಪುಸ್ತಕಗಳು. ಯಾರು ಚರಿತ್ರೆಯ ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂಬ ಮೊದಲ ತೀರ್ಮಾನ ಆಗುವುದು ಅಲ್ಲಿಯೇ.

ಈ ಪ್ರಶ್ನೆ ಬಳ್ಳಾರಿಯ ಮಟ್ಟಿಗೆ ಇಂದು ಹೆಚ್ಚು ತೀವ್ರವಾಗಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹಂಪಿ ಬಳ್ಳಾರಿ ಜಿಲ್ಲೆಯ ಭಾಗವಾಗಿ ಉಳಿದಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಸಂಡೂರು, ಕಂಪ್ಲಿ ಎಂಬ ಐದು ತಾಲ್ಲೂಕುಗಳ ಜಿಲ್ಲೆ ಇದು. ದಶಕಗಳ ಕಾಲ 'ನಮ್ಮ ಜಿಲ್ಲೆಯ ಚರಿತ್ರೆ' ಎಂದರೆ ವಿಜಯನಗರದ ವೈಭವ, 'ನಮ್ಮ ಜಿಲ್ಲೆಯ ಮಹಾಪುರುಷ' ಎಂದರೆ ಕೃಷ್ಣದೇವರಾಯ ಎಂದು ಕಲಿಸುತ್ತ ಬಂದಿದ್ದೇವೆ. ಆಡಳಿತದ ಗೆರೆ ಬದಲಾದೊಡನೆ ಈ ಉತ್ತರ ಖಾಲಿಯಾಯಿತು. ಬಳ್ಳಾರಿ ನಗರದ ಕೌಲ್ ಬಜಾರಿನ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಕೇಳುತ್ತ ಬೆಳೆಯುವ ಮಗುವಿಗೆ ತನ್ನದೆನ್ನಬಹುದಾದ ಚರಿತ್ರೆ ಯಾವುದು? ಇದಕ್ಕೆ ಕನ್ನಡದ ಮಕ್ಕಳ ಪುಸ್ತಕಗಳು ಏನು ಹೇಳುತ್ತವೆ? ವಾಸ್ತವವಾಗಿ ಹಂಪಿ ಜಿಲ್ಲೆಯೊಳಗೆ ಇದ್ದಾಗಲೂ ಈ ಪ್ರಶ್ನೆಗೆ ಸರಿಯಾದ ಉತ್ತರವಿರಲಿಲ್ಲ. ಹಂಪಿಯ ನೆರಳು ಆ ಕೊರತೆಯನ್ನು ಮರೆಮಾಡಿತ್ತು, ಅಷ್ಟೆ.

ಕನ್ನಡದಲ್ಲಿ ಈ ಪ್ರಕಾರಕ್ಕೆ ಒಂದು ಗೌರವಾನ್ವಿತ ಪರಂಪರೆ ಇದೆ ಎಂಬುದನ್ನು ಮೊದಲು ಒಪ್ಪಬೇಕು. ಪಂಜೆ ಮಂಗೇಶರಾಯರು ತುಳುನಾಡಿನ ಪಾಡ್ದನದ ವೀರರಾದ ಕೋಟಿ ಚೆನ್ನಯರ ಕಥೆಯನ್ನು ಕನ್ನಡ ಗದ್ಯಕ್ಕೆ ತಂದರು. ಶಿವರಾಮ ಕಾರಂತರ 'ಬಾಲ ಪ್ರಪಂಚ' 1936ರಲ್ಲಿ ಹೊರಬಂದಿತು. ನಿರಂಜನರ ಸಂಪಾದಕತ್ವದ 'ಜ್ಞಾನ ಗಂಗೋತ್ರಿ'ಯ ಏಳು ಸಂಪುಟಗಳು ಕಿರಿಯರಿಗೆ ವಿಶ್ವಕೋಶವನ್ನೇ ಕೊಟ್ಟವು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಸಾಹಿತ್ಯವು ಹೊರತಂದ ಭಾರತ ಭಾರತಿ ಪುಸ್ತಕ ಸಂಪದದ 510 ಪುಸ್ತಿಕೆಗಳು ಕಡಿಮೆ ಬೆಲೆಗೆ ಹಳ್ಳಿಯ ಶಾಲೆಗಳನ್ನೂ ತಲುಪಿದವು. ಈಚಿನ ಕಾಲದಲ್ಲಿ ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ' 2010ರಲ್ಲಿ, ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರವನ್ನು ಪಡೆದವು. ಮೊದಲನೆಯದು ಮಹಾತ್ಮನನ್ನು ಮಗುವಿನಿಂದ ಆರಂಭಿಸಿತು. ಎರಡನೆಯದು ಅಣೆಕಟ್ಟಿನ ಮುಳುಗಡೆಯಂಥ ಸಮೀಪದ ಗತವನ್ನು ಮಕ್ಕಳ ಕಾದಂಬರಿಯ ವಸ್ತುವಾಗಿಸಿತು. ಇವೆರಡೂ ಹೊಸ ದಾರಿಯ ಸೂಚನೆಗಳು.

ಆದರೆ ಒಟ್ಟು ಪರಂಪರೆಯನ್ನು ನೋಡಿದರೆ ಎರಡು ಮಿತಿಗಳು ಕಾಣುತ್ತವೆ. ಮೊದಲನೆಯದು, ಚರಿತ್ರೆಯೆಂದರೆ ವ್ಯಕ್ತಿಚರಿತ್ರೆ ಎಂಬ ಗ್ರಹಿಕೆ. ರಾಜ, ವೀರ, ಸಂತ, ರಾಷ್ಟ್ರನಾಯಕ ಇವರೇ ಕಥನದ ಕೇಂದ್ರ. ಊರು, ಕಸುಬು, ಭಾಷೆ, ಬೀದಿ, ಬರಗಾಲ, ವಲಸೆ ಇವು ಹಿನ್ನೆಲೆಯಾಗಿಯಷ್ಟೇ ಬರುತ್ತವೆ. ಎರಡನೆಯ ಮಿತಿ ಇನ್ನೂ ಗಂಭೀರವಾದುದು: ಕಥೆ ಮತ್ತು ದಾಖಲೆಗಳ ನಡುವಣ ಗೆರೆಯನ್ನು ಮಗುವಿಗೆ ತೋರಿಸದಿರುವುದು. ಜೀವನಚರಿತ್ರೆಯೆಂದು ಮುದ್ರಿತವಾದ ಪುಸ್ತಕದಲ್ಲಿ ನಾಯಕ ತಾಯಿಯೊಡನೆ ಆಡಿದ ಮಾತು ಉದ್ಧರಣ ಚಿಹ್ನೆಯೊಳಗೆ ಬರುತ್ತದೆ. ಅದಕ್ಕೆ ಆಕರವಿದೆಯೇ, ಅದು ಲೇಖಕರ ಕಲ್ಪನೆಯೇ ಎಂದು ತಿಳಿಯುವ ದಾರಿ ಓದುವ ಮಗುವಿಗಿಲ್ಲ. ಹೀಗಾಗಿ ಕಾದಂಬರಿ ಚರಿತ್ರೆಯ ಅಧಿಕಾರವನ್ನು ಪಡೆಯುತ್ತದೆ, ಚರಿತ್ರೆ ಕಾದಂಬರಿಯ ಹೊಣೆಗೇಡಿತನವನ್ನು ಪಡೆಯುತ್ತದೆ. ಮುಂದೆ ವಯಸ್ಕರಾದ ಮೇಲೆ ಐತಿಹಾಸಿಕ ವಿವಾದಗಳಲ್ಲಿ ಸಾಕ್ಷ್ಯವನ್ನು ಕೇಳದೆ ಪಕ್ಷ ವಹಿಸುವ ಅಭ್ಯಾಸದ ಬೀಜ ಇಲ್ಲಿಯೂ ಇದೆ.

ಈ ಎರಡೂ ಮಿತಿಗಳನ್ನು ಮೀರಲು ಬೇಕಾದ ಸಾಮಗ್ರಿ ಬಳ್ಳಾರಿಯ ಸುತ್ತಮುತ್ತ ಹೇರಳವಾಗಿದೆ. ಜವಾಹರಲಾಲ್ ನೆಹರೂ ಅವರು 1928ರಲ್ಲಿ ಹತ್ತು ವರ್ಷದ ಮಗಳಿಗೆ ಬರೆದ ಪತ್ರಗಳಲ್ಲಿ, ಕಲ್ಲುಗಳನ್ನೂ ಪುಸ್ತಕದಂತೆ ಓದಬಹುದೆಂಬ ಮಾತಿನಿಂದಲೇ ಲೋಕಚರಿತ್ರೆಯನ್ನು ಆರಂಭಿಸಿದ್ದರು. ಬಳ್ಳಾರಿಯ ಮಗುವಿಗೆ ಅಂಥ ಪುಸ್ತಕ ನಗರದ ಅಂಚಿನಲ್ಲಿಯೇ ತೆರೆದಿದೆ. ಸಂಗನಕಲ್ಲು ಮತ್ತು ಕಪ್ಪಗಲ್ಲಿನ ಗುಡ್ಡಗಳು ನವಶಿಲಾಯುಗದ ಕಲ್ಲಿನ ಕೊಡಲಿಗಳ ತಯಾರಿಕೆಯ ನೆಲೆ. ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿ ಇವನ್ನು ಗುರುತಿಸಿದ. ಬಿ. ಸುಬ್ಬರಾವ್ ಅವರ ಉತ್ಖನನದ ಫಲವಾದ ಗ್ರಂಥ 1948ರಲ್ಲಿ ಪ್ರಕಟವಾಯಿತು. ಅಲ್ಲಿನ ಕೆಲವು ಕರಿಬಂಡೆಗಳನ್ನು ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ; ಪ್ರಾಚೀನರು ಬಡಿದ ಗುರುತುಗಳು ಅವುಗಳ ಮೇಲೆ ಉಳಿದಿವೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅವರು 1963-64ರಲ್ಲಿ ನಡೆಸಿದ ಉತ್ಖನನ ಗುಡ್ಡದ ಮೇಲೆ ಗುಡಿಸಲು ಕಟ್ಟಿಕೊಂಡು ಬದುಕಿದ ಜನರ ಲೋಕವನ್ನು ತೆರೆದಿಟ್ಟಿತು. ಇಲ್ಲಿ ರಾಜನಿಲ್ಲ, ಯುದ್ಧವಿಲ್ಲ, ಹೆಸರುಳ್ಳ ಒಬ್ಬ ವ್ಯಕ್ತಿಯೂ ಇಲ್ಲ. ಆದರೂ ಇದು ಚರಿತ್ರೆ. ಹೆಸರಿಲ್ಲದವರಿಗೂ ಚರಿತ್ರೆಯಿದೆ ಎಂಬ ತಿಳಿವಳಿಕೆಯನ್ನು ಮಗುವಿಗೆ ಕೊಡಲು ಇದಕ್ಕಿಂತ ಉತ್ತಮ ವಸ್ತು ದೊರೆಯಲಾರದು.

ಇದರ ಜೊತೆಗೆ ಕುಡತಿನಿಯ ಬೂದಿದಿಬ್ಬವನ್ನೂ ನೋಡಬೇಕು. ಈ ಸೀಮೆಯ ಬೂದಿದಿಬ್ಬಗಳನ್ನು ಜನರು ಪುರಾಣದೊಡನೆ ಜೋಡಿಸಿದ್ದಾರೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆಯೆಂದೇ ನಂಬಲಾಗಿದೆ. ಈ ಬೂದಿ ಎಲ್ಲಿಂದ ಬಂತು ಎಂಬ ಪ್ರಶ್ನೆ ನೂರು ವರ್ಷಕ್ಕೂ ಹೆಚ್ಚು ಕಾಲ ವಿದ್ವಾಂಸರನ್ನು ಕಾಡಿತು. ಎಫ್.ಆರ್. ಆಲ್ಚಿನ್ 1957ರಲ್ಲಿ ಉಟ್ನೂರಿನಲ್ಲಿ ಅಗೆದು ನೋಡಿದಾಗ ದನದ ದೊಡ್ಡಿಯ ಕಂಬದ ಗುಳಿಗಳೂ ಗೊರಸಿನ ಗುರುತುಗಳೂ ದೊರೆತವು; ಅದು ದೊಡ್ಡಿಗಳಲ್ಲಿ ರಾಶಿಬಿದ್ದು ಸುಟ್ಟ ಸಗಣಿಯ ಬೂದಿಯೆಂದು ಸ್ಥಿರಪಟ್ಟಿತು. ಒಂದು ಮಕ್ಕಳ ಪುಸ್ತಕ ವಾಲಿಯ ಕಥೆಯನ್ನೂ ಹೇಳಬಹುದು, ಗೊರಸಿನ ಗುರುತನ್ನೂ ತೋರಿಸಬಹುದು. ಕಥೆಯನ್ನು ಸುಳ್ಳೆಂದು ಹಂಗಿಸುವ ಅಗತ್ಯವಿಲ್ಲ. ಕಥೆ ಹುಟ್ಟಿದ್ದು ಬೂದಿಯನ್ನು ಕಂಡ ಬೆರಗಿನಿಂದ; ಶೋಧನೆ ಹುಟ್ಟಿದ್ದೂ ಅದೇ ಬೆರಗಿನಿಂದ. ಎರಡರ ವಿಧಾನ ಮಾತ್ರ ಬೇರೆ ಎಂಬುದನ್ನು ಮಗು ಅರಿತರೆ ಸಾಕು.

ಲಿಖಿತ ಆಕರಗಳ ಕಾಲಕ್ಕೆ ಬಂದರೂ ಇದೇ ಸಮೃದ್ಧಿಯಿದೆ. ಅಶೋಕನೆಂಬ ಹೆಸರು ಅವನ ಬಹುತೇಕ ಶಾಸನಗಳಲ್ಲಿಲ್ಲ. 'ದೇವಾನಾಂಪ್ರಿಯ' ಎಂಬ ಬಿರುದಷ್ಟೇ ಇದೆ. 1915ರಲ್ಲಿ ಮಸ್ಕಿಯಲ್ಲಿ ಹೆಸರುಳ್ಳ ಶಾಸನ ದೊರೆತಾಗ ಬಿರುದಿನ ಒಡೆಯ ಯಾರೆಂಬ ಗೊಂದಲ ಬಗೆಹರಿಯಿತು. ಅಂಥ ಹೆಸರುಳ್ಳ ಅಪರೂಪದ ಶಾಸನಗಳಲ್ಲಿ ಎರಡು ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿವೆ. ಪಾಟಲಿಪುತ್ರದ ಅರಸನ ಕಥೆಯನ್ನು ಓದುವ ಸಿರುಗುಪ್ಪದ ಮಗುವಿಗೆ, ಆ ಅರಸನ ಹೆಸರು ತನ್ನ ತಾಲ್ಲೂಕಿನ ಬಂಡೆಯ ಮೇಲಿದೆ ಎಂಬುದನ್ನು ಯಾವ ಪುಸ್ತಕವೂ ಮೊದಲ ಪುಟದಲ್ಲಿ ಹೇಳುವುದಿಲ್ಲ. ಕುರುಗೋಡಿನ ಸಿಂದರ ವಿಷಯವೂ ಹಾಗೆಯೇ. ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಆಳಿದ ಈ ಮನೆತನದ ಶಾಸನಗಳು ಸಂಪುಟಗಳಲ್ಲಿವೆ, ಸಂಶೋಧನ ಲೇಖನಗಳಲ್ಲಿವೆ, ಮಕ್ಕಳ ಪುಸ್ತಕದಲ್ಲಿಲ್ಲ.

ಕೌಲ್ ಬಜಾರ್ ಎಂಬ ಹೆಸರೇ ಒಂದು ಆಕರ. 'ಕೌಲು' ಎಂಬುದು ಅರಬ್ಬೀ ಮೂಲದ, ಪಾರಸಿಯ ಮೂಲಕ ಕನ್ನಡದ ಆಡಳಿತ ಭಾಷೆಗೆ ಬಂದ ಪದ. ಮಾತು, ಭರವಸೆ, ಷರತ್ತಿನ ಮೇಲೆ ಕೊಟ್ಟ ಒಪ್ಪಂದ ಎಂಬುದು ಅದರ ಅರ್ಥ. ನಿಜಾಮನು 1800ರಲ್ಲಿ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಇದು ದತ್ತಮಂಡಲವಾಯಿತು. ಥಾಮಸ್ ಮನ್ರೋ 1807ರವರೆಗೆ ಇಲ್ಲಿನ ಪ್ರಧಾನ ಕಲೆಕ್ಟರನಾಗಿದ್ದ. ದಂಡು ಬಂದಿತು, ದಂಡಿನೊಡನೆ ಪೇಟೆ ಬೆಳೆಯಿತು, ಪೇಟೆಗೆ ಹಲವು ಭಾಷೆಯ ಜನ ಬಂದರು. ಇಂದು ಬಳ್ಳಾರಿಗೆ ಹೆಸರು ತಂದಿರುವ ಜೀನ್ಸ್ ಉಡುಪಿನ ಕಸುಬಿನ ಬೇರು ದಂಡಿನ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳಲ್ಲಿದೆ ಎಂಬ ಮಾತು ಊರಿನಲ್ಲಿ ಪ್ರಚಲಿತವಾಗಿದೆ. ದಂಡಿನ ಪೇಟೆಯ ಒಬ್ಬ ದರ್ಜಿಯ ಮನೆಯ ಹುಡುಗಿಯನ್ನು ಕೇಂದ್ರವಾಗಿಟ್ಟುಕೊಂಡ ಐತಿಹಾಸಿಕ ಕಾದಂಬರಿಯೊಂದನ್ನು ಕಲ್ಪಿಸಿಕೊಳ್ಳಬಹುದು. ಇಂಗ್ಲಿಷಿನಲ್ಲಿ ಜೆಫ್ರಿ ಟ್ರೀಸ್ 1934ರಷ್ಟು ಹಿಂದೆಯೇ ರಾಬಿನ್ ಹುಡ್‌ನ ಕಥೆಯನ್ನು ಜೀತದಾಳು ಹುಡುಗನ ಕಣ್ಣಿನಿಂದ ಹೇಳಿ, ಮಕ್ಕಳ ಐತಿಹಾಸಿಕ ಕಾದಂಬರಿಯ ದಿಕ್ಕನ್ನು ಅರಮನೆಯಿಂದ ಹೊರಕ್ಕೆ ತಿರುಗಿಸಿದ. ಕನ್ನಡದ ಕಥನಕ್ಕೆ ಈ ತಿರುವು ಇನ್ನೂ ಪೂರ್ಣವಾಗಿ ಒದಗಿಲ್ಲ.

ಐತಿಹ್ಯವನ್ನು ಮಕ್ಕಳಿಗೆ ಹೇಗೆ ಹೇಳಬೇಕು ಎಂಬ ಪ್ರಶ್ನೆಗೆ ಬಳ್ಳಾರಿಯ ಕೋಟೆ ಒಳ್ಳೆಯ ಉದಾಹರಣೆ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಹೈದರಾಲಿಯು ಫ್ರೆಂಚ್ ಎಂಜಿನಿಯರನೊಬ್ಬನಿಂದ ಕೋಟೆಯನ್ನು ಬಲಪಡಿಸಿದನೆಂದೂ, ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರವಾಗಿರುವುದನ್ನು ಆಮೇಲೆ ಕಂಡು ಆ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂದೂ ಹೇಳುತ್ತಾರೆ. ಕೋಟೆಯ ಬಾಗಿಲ ಬಳಿಯ ಗೋರಿಯೊಂದನ್ನು ಅವನದೆಂದು ತೋರಿಸುವವರಿದ್ದರು. ಅದೇ ಗೋರಿ ಮುಸ್ಲಿಂ ಸಂತರೊಬ್ಬರದೆಂದು ಹೇಳುವವರೂ ಇದ್ದರೆಂಬುದು ಮದರಾಸು ಸರ್ಕಾರದ ಹಳೆಯ ಗ್ಯಾಸೆಟಿಯರಿನಲ್ಲಿ ದಾಖಲಾಗಿದೆ. ಒಂದೇ ಗೋರಿಗೆ ಎರಡು ಕಥೆ! ರೂಢಿಯ ಮಕ್ಕಳ ಪುಸ್ತಕ ಇವೆರಡರಲ್ಲಿ ರೋಚಕವಾದ ಒಂದನ್ನು ಆರಿಸಿ ಚರಿತ್ರೆಯೆಂದು ಮುದ್ರಿಸುತ್ತದೆ. ಒಳ್ಳೆಯ ಪುಸ್ತಕ ಎರಡನ್ನೂ ಮಗುವಿನ ಮುಂದಿಟ್ಟು, ಇದನ್ನು ತೀರ್ಮಾನಿಸಲು ಏನೇನು ಬೇಕು ಎಂದು ಕೇಳುತ್ತದೆ. ಹತ್ತು ವರ್ಷದ ಮಗುವಿಗೆ ಇಷ್ಟು ಸಂದೇಹವನ್ನು ತಾಳಿಕೊಳ್ಳುವ ಶಕ್ತಿ ಇಲ್ಲವೆಂದು ಭಾವಿಸುವುದು ಹಿರಿಯರ ಅಪನಂಬಿಕೆಯೇ ಹೊರತು ಮಗುವಿನ ದೌರ್ಬಲ್ಯವಲ್ಲ.

ಸಮೀಪದ ಚರಿತ್ರೆಯ ವಿಷಯದಲ್ಲಿ ಹೊಣೆ ಇನ್ನೂ ಸೂಕ್ಷ್ಮವಾದುದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಆ ಸಮಾರಂಭಕ್ಕಾಗಿ ಹಾಕಿದ್ದ ಚಪ್ಪರವನ್ನು ಹಿಂದಿನ ರಾತ್ರಿ ಕಾಯುತ್ತಿದ್ದ ರಂಜಾನ್ ಸಾಬ್ ಆಸಿಡ್ ಬಲ್ಬಿನ ದಾಳಿಗೆ ಸಿಕ್ಕಿ ಪ್ರಾಣ ತೆತ್ತರು. ಕರ್ನಾಟಕ ಏಕೀಕರಣದ ಕಥನದಲ್ಲಿ ಸಭೆ, ನಿರ್ಣಯ, ಆಯೋಗ, ನಾಯಕರ ಹೆಸರುಗಳು ವಿಸ್ತಾರವಾಗಿ ಬರುತ್ತವೆ. ಚಪ್ಪರ ಕಾದ ಈ ಮನುಷ್ಯ ಒಂದು ಸಾಲಿನಲ್ಲಿ ಮುಗಿಯುತ್ತಾರೆ. ಕನ್ನಡಕ್ಕಾಗಿ ಜೀವ ಕೊಟ್ಟವರು ಸಾಮಾನ್ಯ ಮುಸಲ್ಮಾನ ಕುಟುಂಬದಿಂದ ಬಂದವರೆಂಬ ಸಂಗತಿ ಕೌಲ್ ಬಜಾರಿನ ಉರ್ದು ಮನೆಮಾತಿನ ಮಗುವಿಗೆ ಕನ್ನಡ ಚರಿತ್ರೆಯೊಳಗೆ ಒಂದು ಸ್ಥಾನವನ್ನು ಕೊಡುತ್ತದೆ. ಆದರೆ ಅದೇ ತರಗತಿಯಲ್ಲಿ ತೆಲುಗು ಮನೆಮಾತಿನ ಮಗುವೂ ಕುಳಿತಿದೆ. ಈ ಸಾವನ್ನು ಭಾಷಾದ್ವೇಷದ ಕಥೆಯಾಗಿ ಹೇಳಿದರೆ ಒಂದು ಮಗುವನ್ನು ಒಳಗೆ ಕರೆದು ಇನ್ನೊಂದನ್ನು ಹೊರಗೆ ಹಾಕಿದಂತಾಗುತ್ತದೆ. ಗಡಿಯ ಊರುಗಳಲ್ಲಿ ಜನ ಯಾವ ಆತಂಕದಲ್ಲಿದ್ದರು, ಎರಡೂ ಕಡೆಯವರು ಏನನ್ನು ಕಳೆದುಕೊಳ್ಳುವ ಭಯದಲ್ಲಿದ್ದರು ಎಂಬುದನ್ನು ಹೇಳುತ್ತಲೇ ಒಂದು ಸಾವಿನ ನ್ಯಾಯವಾದ ಸ್ಮರಣೆಯನ್ನು ಮಾಡುವುದು ಸಾಧ್ಯ. ಕಾದಂಬರಿಯ ನಿಜವಾದ ಪ್ರಯೋಜನ ಇಲ್ಲಿದೆ. ಅದು ಎರಡು ಮನೆಗಳ ಒಳಗೂ ಹೋಗಬಲ್ಲದು.

ಹಾಗಾದರೆ ಕಾದಂಬರಿ ಮತ್ತು ಮಾಹಿತಿ ಪುಸ್ತಕಗಳಲ್ಲಿ ಯಾವುದು ಮೇಲು ಎಂಬ ವಾದಕ್ಕೆ ಅರ್ಥವಿಲ್ಲ. ಗತಕಾಲದಲ್ಲಿ ನಿಂತು ನೋಡಲು ಮಗುವಿಗೆ ಜಾಗ ಕೊಡುವುದು ಕಾದಂಬರಿಯ ಕೆಲಸ. ನೋಡಿದ್ದನ್ನು ಪರೀಕ್ಷಿಸಲು ಸಾಧನ ಕೊಡುವುದು ಮಾಹಿತಿ ಪುಸ್ತಕದ ಕೆಲಸ. ಎರಡೂ ತಮ್ಮ ತಮ್ಮ ಪ್ರಮಾಣವನ್ನು ಒಪ್ಪಿಕೊಳ್ಳಬೇಕಾದುದು ಮುಖ್ಯ. ಪ್ರತಿಯೊಂದು ಐತಿಹಾಸಿಕ ಮಕ್ಕಳ ಪುಸ್ತಕದ ಕೊನೆಗೆ, ಇದರಲ್ಲಿ ಯಾವುದಕ್ಕೆ ಆಧಾರವಿದೆ, ಯಾವುದು ಐತಿಹ್ಯ, ಯಾವುದು ಲೇಖಕರ ಕಲ್ಪನೆ ಎಂದು ಮಗುವಿಗೆ ತಿಳಿಯುವ ಮಾತಿನಲ್ಲಿ ಒಂದು ಪುಟ ಬರೆಯುವ ಪದ್ಧತಿ ಬರಬೇಕು. ಇದರಿಂದ ಕಥೆಯ ರಸ ಕೆಡುವುದಿಲ್ಲ.

ಸ್ಥಳೀಯ ಚರಿತ್ರೆಗೆ ಇಷ್ಟು ಒತ್ತು ಕೊಟ್ಟರೆ ಮಗುವಿನ ಲೋಕ ಕಿರಿದಾಗುವುದೆಂಬ ಆಕ್ಷೇಪ ಬರಬಹುದು. ಮೇಲಿನ ಉದಾಹರಣೆಗಳೇ ಇದಕ್ಕೆ ಉತ್ತರ. ನಿಟ್ಟೂರಿನ ಬಂಡೆ ಮಗಧಕ್ಕೆ ಒಯ್ಯುತ್ತದೆ, ಕೌಲು ಎಂಬ ಪದ ಅರೇಬಿಯಕ್ಕೆ, ಕೋಟೆಯ ಗೋರಿ ಫ್ರಾನ್ಸಿಗೆ. 1921ರ ಮಲಬಾರ್ ದಂಗೆಯ ಕೈದಿಗಳನ್ನು ಇಟ್ಟಿದ್ದ ಬಳ್ಳಾರಿಯ ಜೈಲು ಕೇರಳಕ್ಕೆ ಒಯ್ಯುತ್ತದೆ. ಊರಿನಿಂದ ಹೊರಟ ದಾರಿ ಲೋಕಕ್ಕೆ ಹೋಗುತ್ತದೆ. ಊರನ್ನು ಬಿಟ್ಟು ಹೇಳಿದ ಲೋಕಚರಿತ್ರೆ ಪರೀಕ್ಷೆಯ ಹಾಳೆಯಲ್ಲಿ ಕೊನೆಗೊಳ್ಳುತ್ತದೆ.

ಕೊನೆಯದಾಗಿ, ಈ ಪುಸ್ತಕಗಳನ್ನು ಯಾರು ಬರೆಯಬೇಕು ಎಂಬ ಪ್ರಶ್ನೆ ಕನ್ನಡ ವಿಭಾಗಗಳ ಬಾಗಿಲಿಗೇ ಬರುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬಳ್ಳಾರಿ ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ಪ್ರಕಟಿಸಿದೆ. ಬಳ್ಳಾರಿಯಲ್ಲಿಯೇ 2010ರಿಂದ ಒಂದು ವಿಶ್ವವಿದ್ಯಾಲಯವಿದೆ. ಊರು, ಸ್ಥಳನಾಮ, ಮನೆತನ, ಕಸುಬುಗಳನ್ನು ಕುರಿತ ಎಂ.ಫಿಲ್., ಪಿಎಚ್.ಡಿ. ಪ್ರಬಂಧಗಳು ವಿಭಾಗಗಳ ಕಪಾಟುಗಳಲ್ಲಿವೆ. ಈ ತಿಳಿವಳಿಕೆ ಸಂಶೋಧಕರಿಂದ ಸಂಶೋಧಕರಿಗೆ ಮಾತ್ರ ಹರಿಯುತ್ತಿದೆ. ಮಕ್ಕಳಿಗಾಗಿ ಬರೆದ ಪುಸ್ತಕ ವಿದ್ವತ್ತಿನ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಬಲ್ಲವರು ಬರೆಯುವುದಿಲ್ಲ. ಬರೆಯುವವರಿಗೆ ಆಕರಗಳು ದೊರೆಯುವುದಿಲ್ಲ. ಸ್ಥಳೀಯ ಚರಿತ್ರೆಯನ್ನು ಕುರಿತ ಪ್ರತಿಯೊಂದು ಪ್ರಬಂಧದ ಜೊತೆಗೆ ಮೂವತ್ತೆರಡು ಪುಟದ ಒಂದು ಮಕ್ಕಳ ಪುಸ್ತಕವನ್ನು ಸಿದ್ಧಪಡಿಸುವ ವ್ಯವಸ್ಥೆಯಾಗಬೇಕು, ಅದನ್ನು ವಿದ್ವತ್ತಿನ ಕೆಲಸವೆಂದೇ ಮನ್ನಿಸಬೇಕು. ಹತ್ತು ವರ್ಷದ ಮಗುವಿಗೆ ತಿಳಿಯುವಂತೆ ಹೇಳುವುದು ಸಂಶೋಧನೆಯನ್ನು ಹಗುರಗೊಳಿಸುವ ಕೆಲಸವಲ್ಲ. ತಾನು ನಿಜವಾಗಿ ಏನನ್ನು ಬಲ್ಲೆನೆಂಬುದನ್ನು ಸಂಶೋಧಕ ಅಲ್ಲಿ ಪರೀಕ್ಷೆಗೆ ಒಡ್ಡಬೇಕಾಗುತ್ತದೆ. ಸಂಗನಕಲ್ಲಿನ ಬಂಡೆಗಳಿಗೆ ಕಲ್ಲುಗಣಿಯ ಭಯ ಇದ್ದೇ ಇದೆ. ಅವುಗಳ ಬೆಲೆಯನ್ನು ಬಾಲ್ಯದಲ್ಲಿಯೇ ಅರಿತ ಒಂದು ತಲೆಮಾರು ಬೆಳೆಯದಿದ್ದರೆ ಯಾವ ಕಾನೂನೂ ಅವನ್ನು ಬಹುಕಾಲ ಕಾಯಲಾರದು.