ಬಿಸಿಲಿಗೆ ನಿಂತ ನೀರಿನ ಕ್ಯಾನು

ಬೇಸಿಗೆಯ ಮಧ್ಯಾಹ್ನ ಮಂಗಳೂರಿನ ಬಲ್ಮಠದ ರಸ್ತೆಯಲ್ಲಿ ನಡೆದರೆ ಅಂಗಡಿಗಳ ಮುಂದೆ 20 ಲೀಟರಿನ ನೀರಿನ ಕ್ಯಾನುಗಳು ಬಿಸಿಲು ಕಾಯುತ್ತ ನಿಂತಿರುತ್ತವೆ. ದಾಸೋಹಕ್ಕೂ ಮದುವೆಗೂ ನಾವು ತರಿಸುವುದು ಅವನ್ನೇ. ಗಾಜಿನಂತೆ ಹೊಳೆಯುವ ಆ ಗಟ್ಟಿ ಕ್ಯಾನುಗಳಲ್ಲಿ ಅನೇಕವು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನವು. ಅದರ ಮೂಲದ್ರವ್ಯ ಬಿಸ್ಫೆನಾಲ್ ಎ. ಶಾಖ ತಗುಲಿದಷ್ಟೂ ಅದು ನೀರಿಗೆ ಹೆಚ್ಚು ಇಳಿಯುತ್ತದೆ.

ಈ ರಾಸಾಯನಿಕವು ಸ್ತ್ರೀ ಹಾರ್ಮೋನಿನಂತೆ ವರ್ತಿಸುತ್ತದೆಂಬುದು 1930ರ ದಶಕದಲ್ಲೇ ತಿಳಿದಿತ್ತು. ತಿಳಿದೂ ಅದರಿಂದ ಮುಂದೆ ಹಾಲಿನ ಸೀಸೆಗಳನ್ನು ಮಾಡಿದರೆಂಬುದು ನಮಗೆ ಇಂದಿಗೂ ಸೋಜಿಗ. ಯುರೋಪು 2011ರಲ್ಲಿ ಶಿಶುಗಳ ಸೀಸೆಯಲ್ಲಿ ಇದನ್ನು ನಿಷೇಧಿಸಿತು. ಭಾರತೀಯ ಮಾನಕವೂ 2015ರಲ್ಲಿ ಅದೇ ಹಾದಿ ಹಿಡಿಯಿತು. 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ದಿನವೊಂದಕ್ಕೆ ಸಹಿಸಬಹುದಾದ ಪ್ರಮಾಣವನ್ನು 20,000 ಪಟ್ಟು ಇಳಿಸಿತು. ಜರ್ಮನಿಯ ತಜ್ಞ ಸಂಸ್ಥೆ ಇಷ್ಟು ಬಿಗಿಯನ್ನು ಒಪ್ಪಲಿಲ್ಲ, ನಿಜ. ಆದರೆ ಪಂಡಿತರ ವಾದ ಮುಗಿಯುವವರೆಗೆ ಗರ್ಭಿಣಿಯರೂ ಮಕ್ಕಳೂ ಕಾಯಬೇಕೆಂದು ನಾವು ಹೇಳಲಾರೆವು.

ಎಲ್ಲ ಪ್ಲಾಸ್ಟಿಕ್ಕನ್ನೂ ಇದರೊಡನೆ ಸೇರಿಸಿ ಹೆದರಬೇಕಿಲ್ಲ. ಸಾಮಾನ್ಯ ಪೆಟ್ ಬಾಟಲಿಯನ್ನು ಬಿಸ್ಫೆನಾಲಿನಿಂದ ಮಾಡುವುದಿಲ್ಲ. ಕ್ಯಾನಿನ ತಳದಲ್ಲಿ 7 ಎಂಬ ಅಂಕೆಯೊಡನೆ ಪಿಸಿ ಎಂದಿದ್ದರೆ ಅದು ಪಾಲಿಕಾರ್ಬೊನೇಟ್. ಬಿಸಿಲಲ್ಲಿಟ್ಟ, ಗೀರುಬಿದ್ದ ಹಳೆಯ ಕ್ಯಾನನ್ನು ಭಕ್ತಾದಿಗಳು ಮರಳಿಸಲಿ, ಅದರಲ್ಲಿ ಬಿಸಿನೀರು ತುಂಬದಿರಲಿ. ದಾಸೋಹದ ನೀರನ್ನು ಸ್ಟೀಲಿನ ಕೊಳಗಕ್ಕೋ ಮಣ್ಣಿನ ಹಂಡೆಗೋ ತುಂಬಿಸಿ ನೆರಳಿನಲ್ಲಿಡಲು ಸೇವಾಕರ್ತರಲ್ಲಿ ನಮ್ಮ ವಿನಂತಿ.