ನೆರೆಯ ಲೆಕ್ಕ ಇಡಲಾಗದು ಎನ್ನುವವರಿಗೆ

ಗೋಕಾಕದ ಪೇಟೆಯಲ್ಲಿ ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಂಡು ಬಂದವನು ನಾನು. ಮಳೆಗಾಲಕ್ಕೆ ಮೊದಲು ಪ್ರತಿ ಅಂಗಡಿಯವರೂ ನಾಲ್ಕು ಕೆಲಸ ಮುಗಿಸಿಕೊಳ್ಳಬೇಕೆಂದು ವ್ಯಾಪಾರಸ್ಥರ ಮುಂದೆ ಸಲಹೆ ಇಟ್ಟಿದ್ದೆ: ಸರಕಿನ ಪೂರ್ತಿ ಬೆಲೆಗೆ ವಿಮೆ, ಉದ್ರಿ ಪುಸ್ತಕದ ನಕಲು ಪರ ಊರಿನ ಒಬ್ಬರ ಬಳಿ, ಹಿಂದಿನ ನೆರೆಯ ಗುರುತಿಗಿಂತ ಮೇಲೆ ಅಟ್ಟಣಿಗೆ, ನೀರು ಏರಿದ ರಾತ್ರಿ ಯಾರು ಏನನ್ನು ಎತ್ತಬೇಕೆಂಬ ಒಂದು ಪುಟದ ಬರಹ. ಇದಕ್ಕೆ ಎದ್ದ ಆಕ್ಷೇಪಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸುತ್ತೇನೆ. ತೀರ್ಪು ಓದುವವರದು.

"2019ರಂಥ ಹೊಳಿ ನೂರು ವರ್ಷಕ್ಕೊಮ್ಮೆ ಬರೂದು. ಅದಕ್ಯಾಕ ಈಗಿಂದ ರೊಕ್ಕ ಸುರೀಬೇಕು?" ನೂರು ವರ್ಷದ ಲೆಕ್ಕ ಎಲ್ಲಿಂದ ಬಂತೆಂದು ಕೇಳಿದೆ, ಯಾರೂ ಹೇಳಲಿಲ್ಲ. ಕಣ್ಣೆದುರಿನ ಲೆಕ್ಕ ಬೇರೆಯೇ ಇದೆ. 2019ರ ಆಗಸ್ಟ್‌ನಲ್ಲಿ ಪೇಟೆಗೆ ನೀರು ನುಗ್ಗಿತು. 2021ರ ಜುಲೈನಲ್ಲಿ ಮತ್ತೆ ಊರೊಳಗೆ ಬಂತು. 2024ರ ಜುಲೈನಲ್ಲಿ ಲೋಳಸೂರ ಸೇತುವೆ ಮುಳುಗಿ, ತಗ್ಗಿನ ಓಣಿಗಳ ಜನ ಮನೆ ಬಿಟ್ಟರು. ಆರು ಮಳೆಗಾಲಗಳಲ್ಲಿ ಮೂರು ಸಲ. ಮೂರೂ ಸಲ ನೀರು ಒಂದೇ ಎತ್ತರಕ್ಕೆ ಬರಲಿಲ್ಲ ಎನ್ನುವುದು ನಿಜ. ಆದರೆ ನೆಲದ ಮೇಲಿಟ್ಟ ಸಕ್ಕರೆ ಚೀಲ ಕರಗಲು ಆಳೆತ್ತರದ ನೀರು ಬೇಕಿಲ್ಲ, ಮೊಣಕಾಲುದ್ದ ಸಾಕು.

ಇದಕ್ಕೆ ಉತ್ತರವಿಲ್ಲದಾದಾಗ ಮಾತು ಬದಲಾಯಿತು: "ಹೊಳಿ ಯಾವಾಗ ಬರತೈತಿ ಅಂತ ಯಾರಿಗ ಗೊತ್ತಿರತೈತಿ?" ಹೀಗೆ ಕೇಳಿದವರೇ ಜುಲೈ ತುಂಬ ದಿನಕ್ಕೆರಡು ಸಲ ಹಿಡಕಲ್ ಜಲಾಶಯದ ಒಳಹರಿವು, ಹೊರಹರಿವಿನ ಅಂಕಿಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಕಳಿಸುತ್ತಾರೆ. ಅಂಬೋಲಿ ಘಟ್ಟದಲ್ಲಿ ಮಳೆ ಸುರಿದರೆ ಹಿರಣ್ಯಕೇಶಿ ಏರುತ್ತದೆ, ಹಿಡಕಲ್ ತುಂಬಿದರೆ ಘಟಪ್ರಭೆಗೆ ನೀರು ಬಿಡುತ್ತಾರೆ, ಮಾರ್ಕಂಡೇಯವೂ ಕೂಡಿಕೊಂಡರೆ ಊರಿಗೆ ಆಪತ್ತು. ಇದನ್ನು ಇಲ್ಲಿನ ಚಹಾದಂಗಡಿಯ ಹುಡುಗನೂ ಬಲ್ಲ. ದಿನ ಗೊತ್ತಿಲ್ಲದಿರಬಹುದು; ತಿಂಗಳು ಗೊತ್ತು, ದಾರಿ ಗೊತ್ತು, ಬರುವ ಮೊದಲು ಕೆಲವು ತಾಸು ಸಿಗುತ್ತವೆಂಬುದೂ ಗೊತ್ತು. ದೀಪಾವಳಿಯ ಸರಕನ್ನು ಎರಡು ತಿಂಗಳು ಮೊದಲೇ ತುಂಬುವವರಿಗೆ ಇಷ್ಟು ತಿಳಿವಳಿಕೆ ಸಾಲದೆ?

ಮೂರನೆಯದು ಸರ್ಕಾರದ ಮೇಲಿನ ನಂಬಿಕೆ. "ಪರಿಹಾರ ಕೊಡತಾರಲ್ರಿ." ಏನಕ್ಕೆ ಕೊಡುತ್ತಾರೆ ಎಂದು ನೋಡಿದ್ದಾರೆಯೇ? ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಮನೆ ಇದೆ, ಬೆಳೆ ಇದೆ, ದನಕರು ಇವೆ, ಮೀನುಗಾರರ ದೋಣಿ ಬಲೆ ಇವೆ, ಕುಶಲಕರ್ಮಿಯ ಸಲಕರಣೆಗೂ ಒಂದಿಷ್ಟು ಮೊತ್ತ ಇದೆ. ಕಿರಾಣಿ ಅಂಗಡಿಯ ಸರಕು ಎಂಬ ಬಾಬ್ತು ಇಲ್ಲ. 2019ರಲ್ಲಿ ಘೋಷಣೆಯಾದ ತುರ್ತು 10,000 ರೂಪಾಯಿ ಸಂತ್ರಸ್ತ ಕುಟುಂಬಕ್ಕೆ. 5 ಲಕ್ಷ ರೂಪಾಯಿ ಪೂರ್ತಿ ಬಿದ್ದ ಮನೆಗೆ. ಪಟ್ಟಿಯಲ್ಲಿ ಅಂಗಡಿಯನ್ನೂ ಸೇರಿಸಬೇಕೆಂದು ಹೋರಾಡುವುದಾದರೆ ನಾನು ಮುಂದಿನ ಸಾಲಿನಲ್ಲಿರುತ್ತೇನೆ. ಸೇರುವವರೆಗೆ ಅದನ್ನು ನೆಚ್ಚಿ ಕೂರುವುದು ಯಾವ ವ್ಯವಹಾರ?

ಎಲ್ಲಕ್ಕಿಂತ ಜೋರಾಗಿ ಕೇಳಿಬಂದದ್ದು ವಿಮೆಯ ಮೇಲಿನ ಸಿಟ್ಟು: "ಕಂಪನಿಯವ್ರು ರೊಕ್ಕ ಕಟ್ಟಿಸ್ಕೋತಾರ, ಕೊಡೂ ವ್ಯಾಳ್ಯಾಕ ಕೈ ಎತ್ತತಾರ." ಈ ಸಿಟ್ಟಿನಲ್ಲಿ ಸತ್ಯದ ಅಂಶ ಇದೆ, ಆದ್ದರಿಂದ ನಿಧಾನವಾಗಿ ಬಿಡಿಸಬೇಕು. ಹೀಗೆ ಹೇಳಿದವರಲ್ಲಿ ಹಲವರು ಸ್ವತಃ ವಿಮೆ ಮಾಡಿಸಿಯೇ ಇಲ್ಲ. ಬೆಂಕಿ ವಿಮೆ ಎಂಬ ಹೆಸರು ಕೇಳಿ, ನೀರಿಗೂ ಅದಕ್ಕೂ ಸಂಬಂಧವಿಲ್ಲವೆಂದು ಬಿಟ್ಟವರು ಅವರು. ನೆರೆ, ಬಿರುಗಾಳಿ, ಭೂಕುಸಿತ ಎಲ್ಲವೂ ಅದರೊಳಗೇ ಬರುತ್ತವೆ. 2021ರ ಏಪ್ರಿಲ್ 1ರಿಂದ, ಒಂದು ಜಾಗದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿ ಇರುವ ಉದ್ಯಮಗಳಿಗೆಂದೇ 'ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಪಾಲಿಸಿ ಬಂದಿದೆ. ಇನ್ನು ಕೆಲವರ ಬಳಿ ಸಿಸಿ ಸಾಲಕ್ಕಾಗಿ ಬ್ಯಾಂಕು ಮಾಡಿಸಿದ ಪಾಲಿಸಿ ಇತ್ತು. ಅದು ಎಷ್ಟಕ್ಕೆ ಎಂದು ಅವರು ನೋಡಿರಲಿಲ್ಲ. ಸಾಲದ ಮೊತ್ತಕ್ಕೆ ಮಾಡಿಸಿದ ವಿಮೆ ಸರಕಿನ ಮೊತ್ತಕ್ಕೆ ಸಾಲುವುದಿಲ್ಲ. ಅಂಗಡಿಯಲ್ಲಿ 20 ಲಕ್ಷದ ಸರಕು, ವಿಮೆ 10 ಲಕ್ಷಕ್ಕೆ, ನೀರಿನಲ್ಲಿ ಹೋದದ್ದು 8 ಲಕ್ಷ ಎಂದುಕೊಳ್ಳಿ. 8 ಲಕ್ಷ ಹತ್ತರೊಳಗೇ ಇದೆ, ಪೂರ್ತಿ ಬರುತ್ತದೆ ಎಂದು ವ್ಯಾಪಾರಿ ಕಾಯುತ್ತಾನೆ. ಬರುವುದು 4 ಲಕ್ಷ. ಅರ್ಧ ಬೆಲೆಗೆ ವಿಮೆ ಮಾಡಿಸಿದವನಿಗೆ ಅರ್ಧ ನಷ್ಟ ಎಂಬುದು ಅದರ ನಿಯಮ. ಸೂಕ್ಷ್ಮ ಉದ್ಯಮದ ಪಾಲಿಸಿ ಶೇ 15ರವರೆಗಿನ ಕೊರತೆಯನ್ನು ಮನ್ನಿಸುತ್ತದೆ, ಅದಕ್ಕಿಂತ ಹೆಚ್ಚಿನದನ್ನಲ್ಲ. ಪಾಲಿಸಿಯಲ್ಲಿ ಬರೆದ ವಿಳಾಸ ಅಂಗಡಿಯದು, ಸರಕು ಇದ್ದದ್ದು ಹಿಂದಿನ ಓಣಿಯ ಗೋದಾಮಿನಲ್ಲಿ ಎಂದಾದರೆ ಅದೂ ಸಿಗುವುದಿಲ್ಲ. ಕೈ ಎತ್ತಿದರು ಎಂದು ದೂರುವ ಎಷ್ಟೋ ಪ್ರಕರಣಗಳ ಬೇರು ಇಲ್ಲಿದೆ. ನಿಜವಾಗಿ ಅನ್ಯಾಯವಾದಾಗ ವಿಮಾ ಓಂಬುಡ್ಸ್‌ಮನ್ ಬೆಂಗಳೂರಿನಲ್ಲಿದ್ದಾರೆ. ಒಬ್ಬನೇ ಮಾಲೀಕನ ಅಂಗಡಿಯವರೂ ಅಲ್ಲಿಗೆ ದೂರು ಕೊಡಬಹುದು, ಶುಲ್ಕವಿಲ್ಲ, ವಕೀಲರು ಬೇಡ. ವಿಮೆ ಇಲ್ಲದವನ ನಷ್ಟವಾದರೂ ಸರಕಿನ ಬೆಲೆಗೇ ನಿಲ್ಲುತ್ತದೆಯೇ? ಜಿಎಸ್‌ಟಿ ಕಾಯ್ದೆಯ 17(5) ಕಲಮಿನ ಪ್ರಕಾರ, ಹಾಳಾದ ಸರಕಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು ಹಿಂದಿರುಗಿಸಬೇಕು. ಶೇ 18ರ ತೆರಿಗೆಯ 1 ಲಕ್ಷದ ಸರಕು ಕೊಳೆತರೆ, ಮೇಲೆ ಇನ್ನೂ 18,000 ರೂಪಾಯಿ.

"ಉದ್ರಿ ಎಲ್ಲಾ ನನ್ನ ತಲ್ಯಾಗ ಐತ್ರಿ, ನಕಲು ಯಾಕ?" ಈ ಮಾತು ಕೇಳಿದಾಗ ನನಗೆ ಸಂಕಟವಾಯಿತು. 2019ರ ನೆರೆ ಇಳಿದ ಮೇಲೆ ಒಬ್ಬ ಕಿರಾಣಿ ವ್ಯಾಪಾರಿಯ ಎದುರು ನಾನು ಮೂರು ದಿನ ಕುಳಿತಿದ್ದೆ. ಪುಸ್ತಕ ಕೆಸರಿನ ಮುದ್ದೆಯಾಗಿತ್ತು, ಹಾಳೆ ಬಿಡಿಸಿದರೆ ಶಾಯಿ ಕೈಗೆ ಬರುತ್ತಿತ್ತು. ಹೆಸರುಗಳನ್ನು ಅವರು ನೆನಪಿನಿಂದ ಹೇಳಿದರು, ಮೊತ್ತ ಮಾತ್ರ ನೆನಪಾಗಲಿಲ್ಲ. ಗಿರಾಕಿಗಳ ಮನೆಗಳೂ ಮುಳುಗಿದ್ದವು; ಅಂಥವರ ಬಾಗಿಲಿಗೆ ಹೋಗಿ ಅಂದಾಜಿನ ಬಾಕಿ ಕೇಳಲು ಅವರ ಮನಸ್ಸು ಒಪ್ಪಲಿಲ್ಲ. ಖರೀದಿಯ ಲೆಕ್ಕ ಜಿಎಸ್‌ಟಿ ಪೋರ್ಟಲ್‌ನಲ್ಲಿ ಉಳಿದಿರುತ್ತದೆ, ಬ್ಯಾಂಕಿನ ಲೆಕ್ಕ ಬ್ಯಾಂಕಿನಲ್ಲಿ ಸಿಗುತ್ತದೆ. ಉದ್ರಿ ಮಾತ್ರ ಆ ಒಂದು ಪುಸ್ತಕದಲ್ಲಿ. ಅದರಲ್ಲಿ ಬರೆದ ಬಾಕಿಯನ್ನು ಯಾವ ಬೆಂಕಿ ವಿಮೆಯೂ ತುಂಬಿಕೊಡುವುದಿಲ್ಲ. ವಾರಕ್ಕೊಮ್ಮೆ ಹಾಳೆಗಳ ಫೋಟೊ ತೆಗೆದು ಧಾರವಾಡದಲ್ಲಿರುವ ಮಗಳಿಗೆ ಕಳಿಸಲು ಹತ್ತು ನಿಮಿಷ ಸಾಕು. ಇದಕ್ಕೆ ಖರ್ಚು ಎಷ್ಟೆಂದು ಆಕ್ಷೇಪ ಎತ್ತಿದವರೇ ಹೇಳಲಿ.

ಮೇಲಿನ ಓಣಿಯವರ ವಾದ ಚಿಕ್ಕದು: ನೀರು ನಮ್ಮವರೆಗೆ ಬರುವುದಿಲ್ಲ. ಬರುವುದಿಲ್ಲ, ಸರಿ. ಆದರೆ ಸೇತುವೆ ಮುಳುಗಿದಾಗ ಅವರ ಲಾರಿಯೂ ಆಚೆ ದಡದಲ್ಲೇ ನಿಂತಿತ್ತು. 2020ರ ಮಾರ್ಚ್ 25ರ ಲಾಕ್‌ಡೌನ್‌ಗೆ ಎತ್ತರದ ಓಣಿ, ತಗ್ಗಿನ ಓಣಿ ಎಂಬ ಭೇದ ಇರಲಿಲ್ಲ. ಸರಕು ತರಿಸಲು ಇನ್ನೊಂದು ಊರಿನ ಹೋಲ್‌ಸೇಲ್ ವ್ಯಾಪಾರಿಯ ಪರಿಚಯ, ಗಿರಾಕಿಗಳ ಫೋನ್ ನಂಬರು, ಎರಡು ತಿಂಗಳ ಬಾಡಿಗೆ ಸಂಬಳಕ್ಕೆ ತೆಗೆದಿಟ್ಟ ಹಣ ಇವೆಲ್ಲ ಅವರಿಗೂ ಬೇಕಾದವೇ.

ಕೊನೆಯದು, ಒಂದು ಪುಟದ ಬರಹದ ಬಗ್ಗೆ: "ಹಾಳಿ ಮ್ಯಾಲ ಬರದಿಟ್ರ ನೀರ ನಿಲ್ಲತೈತೇನ್ರಿ?" ನೀರು ನಿಲ್ಲುತ್ತದೆಂದು ನಾನು ಎಲ್ಲೂ ಹೇಳಿಲ್ಲ. ಸೀಲ್ ಆದ ಎಣ್ಣೆ ಡಬ್ಬಿ ನೀರಿನಲ್ಲಿದ್ದರೂ ಒಳಗಿನ ಎಣ್ಣೆ ಕೆಡುವುದಿಲ್ಲ. ಸಕ್ಕರೆ, ಹಿಟ್ಟು, ರವೆ ಉಳಿಯುವುದಿಲ್ಲ. ನಾನು ಕಂಡ ಒಂದು ಅಂಗಡಿಯಲ್ಲಿ ಬೆಲೆ ಹೆಚ್ಚೆಂದು ಮೊದಲು ಡಬ್ಬಿಗಳನ್ನೇ ಮಾಳಿಗೆಗೆ ಹೊತ್ತರು. ಅಷ್ಟರಲ್ಲಿ ನೀರು ಹೊಸ್ತಿಲು ದಾಟಿತು, ಚೀಲಗಳು ಕೆಳಗೇ ಉಳಿದವು. ಗಾಬರಿಯ ಹೊತ್ತಿನಲ್ಲಿ ಯೋಚನೆ ಓಡುವುದಿಲ್ಲ, ಬರಹ ಬೇಕಾಗುವುದು ಆಗಲೇ. ಆಕ್ಷೇಪ ಎತ್ತಿದ ಮೂವರನ್ನು ಒಬ್ಬೊಬ್ಬರನ್ನಾಗಿ ಕರೆದು ಒಂದೇ ಪ್ರಶ್ನೆ ಕೇಳಿದೆ: ನಾಲ್ಕು ತಾಸು ಸಮಯವಿದೆ, ನೀವು ಮತ್ತು ಇಬ್ಬರು ಹಮಾಲರು, ಮೊದಲು ಏನನ್ನು ಎತ್ತುತ್ತೀರಿ? ಒಬ್ಬರು ಅಕ್ಕಿ ಎಂದರು, ಒಬ್ಬರು ಗಲ್ಲಾ ಪೆಟ್ಟಿಗೆ, ಇನ್ನೊಬ್ಬರು ಫ್ರಿಜ್. ಮೂವರೂ ಒಂದೇ ಅಂಗಡಿಯ ಪಾಲುದಾರರು.