ಕೊಲೆಯೂ ಅಪಘಾತವೆನಿಸುವುದೇ?

ರಾಯಚೂರು ನಗರದಲ್ಲಿಯೂ, ದೇವದುರ್ಗ, ಮಾನ್ವಿಗಳ ಹಳ್ಳಿಗಳಲ್ಲಿಯೂ ಜೀವವಿಮೆಯ ಪತ್ರವನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇರಿಸಿಕೊಂಡ ಕುಟುಂಬಗಳು ಬಹಳ. ಆದರೆ ಅದರಲ್ಲಿ ಬರೆದಿರುವುದನ್ನು ಓದಿದವರು ಕಡಿಮೆ. ಮನೆಯ ಯಜಮಾನನು ಕೊಲೆಗೀಡಾದಾಗ, ಅಪಘಾತಕ್ಕೆಂದು ಇರುವ ಹೆಚ್ಚಿನ ಹಣ ದೊರೆಯುವುದೇ ಎಂಬ ಪ್ರಶ್ನೆ ದುಃಖದ ನಡುವೆಯೇ ಏಳುತ್ತದೆ. 'ಕೊಲೆ ಬೇಕೆಂದೇ ಮಾಡಿದ ಕೃತ್ಯ, ಅದು ಅಪಘಾತ ಹೇಗಾದೀತು?' ಎಂದು ಯಾರೋ ಹೇಳಿದೊಡನೆ ಆ ಮನೆಯ ತಾಯಿ ಸುಮ್ಮನಾಗಿಬಿಡುತ್ತಾಳೆ. ಹಾಗೆ ಸುಮ್ಮನಾಗಬೇಕಾಗಿಲ್ಲವೆಂಬುದೇ ಈ ತಿಂಗಳು ನಾವು ಹೇಳಬೇಕಾದ ಮಾತು.

ಮೊದಲು ಎರಡು ಮೊತ್ತಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಮೂಲ ವಿಮಾ ಮೊತ್ತವು ಜೀವಕ್ಕೆ ಮಾಡಿಸಿದ್ದು. ಕಂತು ಸರಿಯಾಗಿ ಕಟ್ಟಿ ಪಾಲಿಸಿಯು ಚಾಲ್ತಿಯಲ್ಲಿದ್ದರೆ, ಕೊಲೆಯಾಯಿತೆಂಬ ಕಾರಣಕ್ಕೆ ಅದು ತಪ್ಪುವುದಿಲ್ಲ. ಎರಡನೆಯದು ಅಪಘಾತ ಲಾಭ. ಇದಕ್ಕೆಂದು ಪ್ರತ್ಯೇಕ ಕಂತು ಕಟ್ಟಿದ್ದರೆ ಮಾತ್ರ ಇದು ದೊರೆಯುತ್ತದೆ. ಭಾರತೀಯ ಜೀವ ವಿಮಾ ನಿಗಮದ ಷರತ್ತಿನಂತೆ, ಹೊರಗಿನಿಂದ ಬಂದ, ಬಲವಾದ, ಕಣ್ಣಿಗೆ ಕಾಣುವ ಕಾರಣದಿಂದ ಗಾಯವಾಗಿ, ಆ ಗಾಯದಿಂದಲೇ 180 ದಿನಗಳೊಳಗೆ ಮರಣ ಸಂಭವಿಸಿರಬೇಕು. ವಿವಾದ ಹುಟ್ಟುವುದು ಈ ಎರಡನೆಯ ಮೊತ್ತದ ಬಗೆಗೆ.

ಇಲ್ಲಿ ಕೇಳಬೇಕಾದುದು, ಘಟನೆಯನ್ನು ಯಾರ ಕಣ್ಣಿನಿಂದ ನೋಡಬೇಕು ಎಂಬುದು. ಕೊಂದವನಿಗೆ ಅದು ಉದ್ದೇಶ. ಸತ್ತವನಿಗೆ ಅದು ಎಣಿಸದೆ ಬಂದೊದಗಿದ ಆಪತ್ತು. ಇಂಗ್ಲೆಂಡಿನಲ್ಲಿ ಕಲ್ಲಿದ್ದಲ ಗಣಿಯ ಕೂಲಿಕಾರರ ಸಂಬಳದ ಹಣವನ್ನು ರೈಲಿನಲ್ಲಿ ಒಯ್ಯುತ್ತಿದ್ದ ಖಜಾಂಚಿಯೊಬ್ಬನನ್ನು 1910ರಲ್ಲಿ ಕೊಂದು ದೋಚಿದರು. ಕಾರ್ಮಿಕರ ಪರಿಹಾರ ಕಾಯಿದೆಯ ಪ್ರಕಾರ ಅದು ಅಪಘಾತವೆಂದೇ ಅಲ್ಲಿಯ ನ್ಯಾಯಾಲಯ ತೀರ್ಮಾನಿಸಿತು. ನಮ್ಮ ಸರ್ವೋಚ್ಚ ನ್ಯಾಯಾಲಯವೂ 2000ರಲ್ಲಿ ನಾಗಾಲ್ಯಾಂಡಿನ ದಿಮಾಪುರದ ಆಟೋ ಚಾಲಕನೊಬ್ಬನ ಪ್ರಕರಣದಲ್ಲಿ ಇದನ್ನು ವಿಚಾರಿಸಿತು. ಆಟೋವನ್ನು ಕದಿಯಲೆಂದು ಬಂದವರು ಚಾಲಕನನ್ನು ಕೊಂದಿದ್ದರು. ಇಂಥವನನ್ನೇ ಕೊಲ್ಲಬೇಕೆಂಬುದು ಮುಖ್ಯ ಉದ್ದೇಶವಾಗಿದ್ದರೆ ಅದು ಬರಿಯ ಕೊಲೆ. ಬೇರೊಂದು ಅಪರಾಧವನ್ನು ಮಾಡುವಾಗ ಕೊಲೆಯಾದರೆ ಅದು ಅಪಘಾತರೂಪದ ಕೊಲೆ ಎಂದು ನ್ಯಾಯಾಲಯ ಭೇದವನ್ನು ತೋರಿಸಿತು. ಅದು ಮೋಟಾರು ವಾಹನ ಕಾಯಿದೆಯ ತೀರ್ಪಾದರೂ ವಿಮೆಯ ವ್ಯಾಜ್ಯಗಳಲ್ಲಿಯೂ ಇದನ್ನು ಆಧಾರವಾಗಿ ಎತ್ತಿ ಹೇಳುತ್ತಾರೆ. 2018ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು, ವಿಮೆ ಮಾಡಿಸಿದವನ ತಪ್ಪು ನಡತೆಯಾಗಲಿ ಪ್ರಚೋದನೆಯಾಗಲಿ ಕೊಲೆಗೆ ನೇರ ಕಾರಣವಾಗಿರದಿದ್ದರೆ ಅದನ್ನು ಅಪಘಾತವೆಂದು ಎಣಿಸಬಹುದೆಂಬ ನಿಲುವನ್ನು ತಳೆಯಿತು.

ನಮ್ಮ ಸೀಮೆಗೆ ಒಪ್ಪುವ ಉದಾಹರಣೆಯಿಂದ ತಿಳಿಯೋಣ. ರಾಯಚೂರಿನ ಮಾರುಕಟ್ಟೆಯಲ್ಲಿ ಹತ್ತಿ ಮಾರಿ ಹಣದೊಡನೆ ದೇವದುರ್ಗಕ್ಕೆ ಮರಳುವ ಒಕ್ಕಲಿಗನನ್ನು ದಾರಿಗಳ್ಳರು ಕೊಂದರೆಂದು ಭಾವಿಸೋಣ. ಅವನ ಮನೆಯವರು ಅಪಘಾತ ಲಾಭವನ್ನು ಧೈರ್ಯವಾಗಿ ಕೇಳಬಹುದು. ಹೊಲದ ಬದುವಿನ ಜಗಳದಲ್ಲಿ ತಾನೇ ಮೊದಲು ಕೊಡಲಿ ಎತ್ತಿ ಹೋದವನು ಸತ್ತರೆ ಮಾತು ಬೇರೆ. ಕಾನೂನು ಮುರಿಯುವಾಗ, ಮದ್ಯದ ಅಮಲಿನಲ್ಲಿದ್ದಾಗ, ದೊಂಬಿಯಲ್ಲಿ ಸತ್ತರೆ ಲಾಭವಿಲ್ಲವೆಂದು ಪತ್ರದಲ್ಲಿಯೇ ಷರತ್ತಿರುತ್ತದೆ. ಇವೆರಡರ ನಡುವಿನ ಪ್ರಕರಣಗಳಲ್ಲಿ ಪತ್ರದ ಮಾತು ಮತ್ತು ಸಾಕ್ಷ್ಯಗಳೇ ನಿರ್ಣಾಯಕ.

ಬ್ಯಾಂಕಿನ ಮೂಲಕ ನಡೆಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಈ ಗೊಂದಲವೇ ಇಲ್ಲ. ಆತ್ಮಹತ್ಯೆಗೆ ಪರಿಹಾರವಿಲ್ಲ, ಕೊಲೆಗೆ ಉಂಟು ಎಂದು ಯೋಜನೆಯ ವಿವರಣೆಯಲ್ಲಿಯೇ ಹೇಳಿದೆ. 18ರಿಂದ 70 ವರ್ಷದವರಿಗೆ, ವರ್ಷಕ್ಕೆ 20 ರೂಪಾಯಿ ಕಂತಿಗೆ, ಅಪಘಾತ ಮರಣಕ್ಕೆ 2 ಲಕ್ಷ ರೂಪಾಯಿ. ತೀರಿಕೊಂಡವರ ಪಾಸ್‌ಬುಕ್ಕಿನಲ್ಲಿ ಈ 20 ರೂಪಾಯಿ ಕಡಿತವಾಗಿದೆಯೇ ಎಂದು ಮರೆಯದೆ ನೋಡಬೇಕು.

ಇನ್ನೊಂದು ಕಹಿಯಾದ ಮಾತು. ಹಣದಾಸೆಯಿಂದ ವಾರಸುದಾರನೇ ಕೊಂದರೆ? 1924ರಲ್ಲಿ, ಮುಂಬಯಿ ಪ್ರಾಂತದಿಂದ ಮೇಲ್ಮನವಿಯಾಗಿ ಹೋದ ಕೆಂಚವ್ವ-ಗಿರಿಮಲ್ಲಪ್ಪ ಪ್ರಕರಣದಲ್ಲಿ, ಕೊಲೆಗಾರನು ಕೊಲೆಯಾದವನ ಆಸ್ತಿಗೆ ಹಕ್ಕುದಾರನಲ್ಲವೆಂದು ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 25ನೆಯ ಕಲಮು ಅದನ್ನೇ ಶಾಸನವಾಗಿಸಿತು. ವೀರಶೈವರಿಗೂ ಲಿಂಗಾಯತರಿಗೂ ಅನ್ವಯವೆಂದು ಆ ಕಾಯಿದೆಯು ಹೆಸರಿಸಿಯೇ ಹೇಳುತ್ತದೆ. ಒಬ್ಬನ ಪಾಪದಿಂದ ಉಳಿದ ನಿರಪರಾಧಿ ವಾರಸುದಾರರ ಹಕ್ಕು ಅಳಿಯುವುದಿಲ್ಲ.

ಆದುದರಿಂದ ಪ್ರಥಮ ವರ್ತಮಾನ ವರದಿ, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ ಇವುಗಳ ಪ್ರತಿಗಳನ್ನು ಪಡೆದು, ತಡಮಾಡದೆ ಬರಹದಲ್ಲಿಯೇ ಹಣ ಕೇಳಬೇಕು. ಬಾಯಿಮಾತಿನ 'ಇಲ್ಲ'ವನ್ನು ಒಪ್ಪದೆ, ಕಾರಣವನ್ನು ಬರಹದಲ್ಲಿ ಕೇಳಬೇಕು. ನಿರಾಕರಿಸಿದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಎರಡು ವರ್ಷದೊಳಗೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ವಿಮೆಯ ಹಣ ಯಾರೂ ಕೊಡುವ ಭಿಕ್ಷೆಯಲ್ಲ. ಗತಿಸಿದವರು ಬೆವರು ಸುರಿಸಿ ಕಟ್ಟಿದ ಕಂತಿನ ಫಲವದು. ಅದನ್ನು ಕೇಳಿ ಪಡೆದು ಮಕ್ಕಳ ಅನ್ನಕ್ಕೂ ವಿದ್ಯೆಗೂ ಒದಗಿಸುವುದು ಉಳಿದವರ ಧರ್ಮ.